ಹಳೇ ಕಂಪ್ಯೂಟರಿನ ಅಟ್ಟ ಖಾಲಿ ಮಾಡ್ತೀರಾ?

ತ್ಯಾಗರಾಜನಗರದ ನಮ್ಮ ಮನೆ ಹಾಲ್‌ನ ಮೂಲೆಯಲ್ಲೊಂದು ಹಳೇ ಕಂಪ್ಯೂಟರ್ ಇದೆ. ಮಗಳು ಲ್ಯಾಪ್‌ಟಾಪ್ ಕೊಂಡ ಮೇಲೆ ಅದು ನನ್ನ ಪಾಲಿಗೆ ಬಂತು. ಸ್ವಿಚ್ ಒತ್ತಿ, ಹಾಲು ಕಾಯಿಸಿ, ಕಾಫಿ ಬೆರೆಸಿಕೊಂಡು ಬಂದರೂ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತಿತ್ತು! ನಿಮ್ಮನೇದೂ ಇದೇ ಕಥೆಯೇ?

‘ಮೆಮೊರಿ ಫುಲ್’ ಅಂತ ನಾವು ಹೇಳುವುದು ಎರಡು ಬೇರೆ ಬೇರೆ ವಸ್ತುಗಳಿಗೆ. ಹಾರ್ಡ್ ಡಿಸ್ಕ್ ಅಂದರೆ ಅಟ್ಟ. ಫೋಟೊ, ಹಾಡು, ಕಾಗದಪತ್ರ ಅಲ್ಲಿರುತ್ತವೆ. ರ್‍ಯಾಮ್ ಅಂದರೆ ಅಡುಗೆ ಕಟ್ಟೆ. ಆ ಹೊತ್ತಿನ ಕೆಲಸಕ್ಕಷ್ಟೇ ಜಾಗ. ಅಟ್ಟ ಖಾಲಿ ಮಾಡಿದರೆ ಕಟ್ಟೆ ಅಗಲವಾಗದು.

ಕಟ್ಟೆ ತೆರವಾಗಬೇಕೇ? ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ವಿಂಡೋಸ್ 10ರಲ್ಲಿ ‘ಸ್ಟಾರ್ಟಪ್’ ಎಂಬಲ್ಲಿ, ಕರೆಯದೇ ಬಂದು ಕೂರುವ ಪ್ರೋಗ್ರಾಂಗಳ ಪಟ್ಟಿ ಸಿಗುತ್ತದೆ. ಬೇಡವಾದುದರ ಮೇಲೆ ‘ಡಿಸೇಬಲ್’ ಒತ್ತಿ. ಆಂಟಿವೈರಸ್ ಮಾತ್ರ ಮುಟ್ಟಬೇಡಿ. ಆದರೂ ಸಾಲದಿದ್ದರೆ ಎಸ್.ಪಿ. ರಸ್ತೆಗೆ ಹೋಗಿ ರ್‍ಯಾಮ್ ತರಬಹುದು. ಹಳೆಯ ಪಟ್ಟಿಯನ್ನು ಬಿಚ್ಚಿಸಿ ಜೊತೆಗೇ ಒಯ್ಯಿರಿ, ಡಿಡಿಆರ್2 ಇದ್ದ ಕಡೆ ಡಿಡಿಆರ್3 ಕೂರುವುದಿಲ್ಲ.

ಇನ್ನು ಅಟ್ಟ. ಸ್ಟಾರ್ಟ್ ಜಾಗದಲ್ಲಿ ‘ಡಿಸ್ಕ್ ಕ್ಲೀನಪ್’ ಹುಡುಕಿ, ಸಿ ಡ್ರೈವ್ ಆರಿಸಿ. ‘ಟೆಂಪರರಿ ಫೈಲ್ಸ್’ಗೆ ಟಿಕ್ ಹಾಕಿ, ಅಳಿಸಿ. ರೀಸೈಕಲ್ ಬಿನ್ನನ್ನು ಒಮ್ಮೆ ಇಣುಕಿ ನೋಡಿ ಖಾಲಿ ಮಾಡಿ. ಹುಷಾರು, ಕೆಲವು ಕಂಪ್ಯೂಟರ್‌ಗಳಲ್ಲಿ ಆ ಪಟ್ಟಿಯಲ್ಲೇ ‘ಡೌನ್‌ಲೋಡ್ಸ್’ ಕೂಡ ಇರುತ್ತದೆ. ಇಳಿಸಿಕೊಂಡ ಬಿಲ್ಲು, ಮದುವೆ ಫೋಟೊ ಎಲ್ಲಾ ಅಲ್ಲೇ ಇರಬಹುದು!

ನಾನು ಎಡವಿದ್ದು ಬೇರೆ ಕಡೆ. ‘ಎಷ್ಟೋ ವರ್ಷದಿಂದ ಮುಟ್ಟಿಲ್ಲ’ ಅಂತ ಹಳೇ ನುಡಿ ತಂತ್ರಾಂಶವನ್ನೂ ಅದರ ಫಾಂಟ್‌ಗಳನ್ನೂ ಕಿತ್ತು ಹಾಕಿದೆ. ಮಾರನೇ ದಿನ ಅತ್ತೆಯವರ ಅಡುಗೆ ಫೈಲ್ ತೆರೆದರೆ ಎದೆ ಧಸಕ್ಕೆಂದಿತು. ಹುಳಿಪುಡಿಯ ಅಳತೆ ಇದ್ದ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಅದರ ಮೇಲೆ ಚುಕ್ಕಿ, ಗೆರೆ! ಅವರು ಹೇಳುತ್ತಾ ಹೋದಂತೆ ನಾನೇ ಟೈಪ್ ಮಾಡಿದ್ದು. ಮತ್ತೆ ಕೇಳೋಣವೆಂದರೆ ಅತ್ತೆ ಈಗಿಲ್ಲ.

ಆಗಿದ್ದಿಷ್ಟೇ. ಹಳೆಯ ನುಡಿ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ್ದವು. ಫಾಂಟ್ ಹೋದರೆ ಕನ್ನಡವೂ ಮಾಯ, ಆದರೆ ಫೈಲ್ ಕೆಟ್ಟಿರುವುದಿಲ್ಲ. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ಉಚಿತ. ಮತ್ತೆ ಹಾಕಿಸಿದ ಕೂಡಲೇ ಹುಳಿಪುಡಿ ವಾಪಸ್ ಬಂತು! ನಿಮ್ಮಲ್ಲೂ ಇಂಥ ಹಳೇ ಪತ್ರ, ಹಾಡಿನ ಪಟ್ಟಿ ಇದ್ದರೆ ಮೊದಲು ಪೆನ್‌ಡ್ರೈವ್‌ಗೆ ನಕಲು ಮಾಡಿ. ಆಮೇಲೆ ಯೂನಿಕೋಡ್‌ಗೆ ಬದಲಾಯಿಸಿಕೊಂಡರೆ ಮೊಬೈಲಿನಲ್ಲೂ ಓದಬಹುದು. ಒತ್ತಕ್ಷರ, ಅರ್ಕಾವತ್ತು ಸರಿಯಿದೆಯೇ ಎಂದು ಒಂದೊಂದು ಸಾಲೂ ಓದಿ ನೋಡಿ. ಅಲ್ಲಿಯವರೆಗೆ ಮೂಲ ಫೈಲ್ ಅಳಿಸಬೇಡಿ.

ಅಂದಹಾಗೆ, ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲು ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಅದಕ್ಕೇ ನಾನು ಈ ಹಳೇ ಯಂತ್ರದಲ್ಲಿ ಬ್ಯಾಂಕ್ ವ್ಯವಹಾರ ಬಿಟ್ಟಿದ್ದೇನೆ. ಅಡುಗೆ ಫೈಲು, ಫೋಟೊ, ಟೈಪಿಂಗ್ ಅಷ್ಟೇ. ಈಗ ಕಾಫಿ ಬೆರೆಸುವಷ್ಟರಲ್ಲಿ ಅದೂ ಎದ್ದು ಕೂತಿರುತ್ತದೆ.