ಪರದೇಶದಲ್ಲಿ ನಿಮ್ಮ ಹುಟ್ಟುಹಬ್ಬ ಯಾವ ದಿನ?

ಅಫಜಲಪುರ ತಾಲೂಕಿನ ಗಾಣಗಾಪುರದಲ್ಲಿ ಪ್ರತಿ ವರ್ಷ ಮಾರ್ಗಶಿರ ಹುಣ್ಣಿಮೆಗೆ ದತ್ತ ಜಯಂತಿ ನಡೆಯುತ್ತದೆ. ಭೀಮಾ-ಅಮರ್ಜಾ ನದಿಗಳ ಸಂಗಮವಿರುವ ಈ ಊರಿಗೆ ಮಹಾರಾಷ್ಟ್ರದಿಂದಲೂ ಸಾವಿರಾರು ಜನ ಬರುತ್ತಾರೆ. ಇಲ್ಲಿ ನೆಲೆಸಿದ್ದ ಶ್ರೀ ನೃಸಿಂಹ ಸರಸ್ವತಿಯವರು ಹುಟ್ಟಿದ್ದೂ ದೂರದ ವಿದರ್ಭದ ಕಾರಂಜಾದಲ್ಲಿ. ಬಂದವರು ಊರಿನ ಪದ್ಧತಿಯಂತೆ ಐದು ಮನೆಗಳಲ್ಲಿ ಮಾಧುಕರಿ, ಅಂದರೆ ಭಿಕ್ಷೆ ಬೇಡುತ್ತಾರೆ. ಸಿರಿವಂತರೂ ಜೋಳಿಗೆ ಹಿಡಿಯುತ್ತಾರೆ; ಭಾಷೆ ಬೇರೆಯಾದರೂ ಊರಿನವರು ನೀಡುತ್ತಾರೆ.

ಇಂಥ ಊರಿನ ಹುಡುಗ ಅಥವಾ ಹುಡುಗಿ ಓದಲು ಪರದೇಶಕ್ಕೆ ಹೋದರೆ ಹುಟ್ಟುಹಬ್ಬ ಯಾವ ದಿನ? ಪಾಸ್‌ಪೋರ್ಟಿನಲ್ಲಿ ಇರುವುದು ತಾರೀಖು. ಮನೆಯಲ್ಲಿ ಅವ್ವ ಎಣಿಸುವುದು ತಿಥಿ. ಇವೆರಡೂ ಪ್ರತಿ ವರ್ಷ ಏಕೆ ಕೂಡುವುದಿಲ್ಲ?

ಹನ್ನೆರಡು ಚಾಂದ್ರಮಾಸಗಳು ಸೇರಿದರೆ ಸುಮಾರು 354 ದಿನ. ಸೌರವರ್ಷ ಸುಮಾರು 365 ದಿನ. ಹೀಗಾಗಿ ತಿಥಿ ವರ್ಷಕ್ಕೆ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತದೆ. ಮಾರ್ಗಶಿರ ಹುಣ್ಣಿಮೆ 2023ರಲ್ಲಿ ಡಿಸೆಂಬರ್ 26ಕ್ಕೆ, 2024ರಲ್ಲಿ 15ಕ್ಕೆ, 2025ರಲ್ಲಿ 4ಕ್ಕೆ ಬಂತು. ಈ ಅಂತರ ಬೆಳೆಯುತ್ತಲೇ ಹೋಗದಂತೆ ಸುಮಾರು 32 ತಿಂಗಳಿಗೊಮ್ಮೆ ಅಧಿಕಮಾಸ ಸೇರಿಸುತ್ತಾರೆ. 19 ಸೌರವರ್ಷಗಳು 235 ಚಾಂದ್ರಮಾಸಗಳಿಗೆ ಬಹುತೇಕ ಸಮ. ಆದ್ದರಿಂದ 2004ರ ಡಿಸೆಂಬರ್ 26ರ ಹುಣ್ಣಿಮೆಯಂದು ಹುಟ್ಟಿದವರಿಗೆ, 19 ತುಂಬಿದ 2023ರಲ್ಲಿ ತಾರೀಖು, ತಿಥಿ ಎರಡೂ ಒಂದೇ ದಿನ ಬಂದವು. ಕೆಲವೊಮ್ಮೆ ಒಂದು ದಿನ ಹೆಚ್ಚು ಕಡಿಮೆ ಆಗಬಹುದು.

ದೂರ ಹೋದರೆ ಇನ್ನೊಂದು ತೊಡಕಿದೆ. ಸೂರ್ಯ-ಚಂದ್ರರ ನಡುವಿನ ಕೋನ 12 ಡಿಗ್ರಿ ಬೆಳೆದರೆ ಒಂದು ತಿಥಿ. ಅದು ಮುಗಿಯುವ ಕ್ಷಣ ಇಡೀ ಭೂಮಿಗೆ ಒಂದೇ. ಆದರೆ ಸೂರ್ಯೋದಯ ಊರಿಗೊಂದು. 2024ರಲ್ಲಿ ಆ ಹುಣ್ಣಿಮೆ ಮುಗಿದಾಗ ನಮ್ಮಲ್ಲಿ ಡಿಸೆಂಬರ್ 15ರ ಮಧ್ಯಾಹ್ನ ಸುಮಾರು ಎರಡೂವರೆ. ನ್ಯೂಯಾರ್ಕಿನಲ್ಲಿ ಅದೇ 15ರ ನಸುಕಿನ ನಾಲ್ಕು. ಸೂರ್ಯೋದಯದ ತಿಥಿಯನ್ನು ಹಿಡಿದರೆ ಆ ದಿನ ಗಾಣಗಾಪುರದಲ್ಲಿ ಹುಣ್ಣಿಮೆ, ನ್ಯೂಯಾರ್ಕಿನಲ್ಲಿ ಪಾಡ್ಯ. ಊರಿನ ಪಂಚಾಂಗವನ್ನು ಅಲ್ಲಿ ಹಾಗೆಯೇ ಬಳಸಿದರೆ ದಿನ ತಪ್ಪಬಹುದು.

ಇನ್ನು ಹೊಸ ಗೆಳೆಯರ ಪದ್ಧತಿಗಳು. ಜರ್ಮನಿಯಲ್ಲಿ ದಿನಕ್ಕೆ ಮೊದಲೇ ಶುಭಾಶಯ ಹೇಳುವುದು ಅಶುಭವೆಂಬ ನಂಬಿಕೆಯಿದೆ. ಕೇಕನ್ನು ತರಬೇಕಾದವರು ಸಾಮಾನ್ಯವಾಗಿ ಹುಟ್ಟುಹಬ್ಬದವರೇ. ಚೀನಾದಲ್ಲಿ ದೀರ್ಘಾಯುಷ್ಯ ಸೂಚಿಸುವ ಉದ್ದನೆಯ ಶಾವಿಗೆ ಉಣ್ಣುತ್ತಾರೆ. ಕೊರಿಯಾದಲ್ಲಿ ಕಡಲ ಪಾಚಿಯ ಸಾರು ಕುಡಿಯುತ್ತಾರೆ. ಅದು ಅಲ್ಲಿ ಬಾಣಂತಿಗೆ ಕೊಡುವ ಪಥ್ಯ. ಹೆತ್ತ ತಾಯಿಯ ಕಷ್ಟವನ್ನು ಮಕ್ಕಳು ಹೀಗೆ ನೆನೆಯುತ್ತಾರೆ. ಬಾಣಂತನದ ಪಥ್ಯವನ್ನು ಬಲ್ಲ ನಮಗೆ ಇದನ್ನು ತಿಳಿಯಲು ಕಷ್ಟವಿಲ್ಲ.

ಮನೆಯಿಂದ ದೂರವಿರುವಾಗ ಹುಟ್ಟುಹಬ್ಬದ ದಿನವೇ ಒಂಟಿತನ ಹೆಚ್ಚು ಕಾಡುತ್ತದೆ. ಯಾರಾದರೂ ಕೇಳಲಿ ಎಂದು ಕಾಯುವುದಕ್ಕಿಂತ, ಮಾಧುಕರಿಗೆ ಹೋದವರಂತೆ ನಾವೇ ಬಾಗಿಲಿಗೆ ಹೋಗುವುದು ಮೇಲು. “ನಿಮ್ಮಲ್ಲಿ ಈ ದಿನ ಏನು ಮಾಡುತ್ತೀರಿ?” ಎಂದು ಕೇಳಿ ನೋಡಿ. ಅವರ ಕೇಕು ತಿನ್ನಿ, ನಿಮ್ಮ ಹೋಳಿಗೆ ಬಡಿಸಿ. ಹೊರಡುವ ಮುನ್ನ ನಿಮ್ಮ ತಾರೀಖಿನ ಪಕ್ಕದಲ್ಲಿ ತಿಥಿಯನ್ನೂ ಬರೆದುಕೊಳ್ಳಿ. ತಾರೀಖಿನಂದು ಗೆಳೆಯರೊಡನೆ ಇರಿ. ತಿಥಿಯಂದು ಅವ್ವನಿಗೆ ಫೋನು ಮಾಡುವುದನ್ನು ಮರೆಯಬೇಡಿ.