ಹಳೆಯ ಕರ್ನೆಲ್‌ಗೊಂದು ಹೊಸ ಮಾಡ್ಯೂಲ್

ಮನೆಯ ಅಥವಾ ಸಣ್ಣ ಕಚೇರಿಯ ಫೋಟೊ, ವಿಡಿಯೊ, ದಾಖಲೆಗಳನ್ನು ಒಂದೆಡೆ ಕೂಡಿಟ್ಟು, ಅಲ್ಲಿನ ಎಲ್ಲ ಕಂಪ್ಯೂಟರ್‌ಗಳಿಗೂ ನೆಟ್‌ವರ್ಕ್ ಮೂಲಕ ಒದಗಿಸುವ ‘ನ್ಯಾಸ್’ ಎಂಬ ಸಾಧನವು ಹೊರನೋಟಕ್ಕೆ ಹಾರ್ಡ್ ಡಿಸ್ಕ್ ತುಂಬಿದ ಪೆಟ್ಟಿಗೆಯಂತೆ ಕಂಡರೂ ಒಳಗೆ ಪೂರ್ಣಪ್ರಮಾಣದ ಕಂಪ್ಯೂಟರೇ ಆಗಿರುತ್ತದೆ. ತೈವಾನಿನ ಸೈನಾಲಜಿ ಕಂಪನಿಯ ನ್ಯಾಸ್‌ಗಳನ್ನು ನಡೆಸುವ ಡಿಎಸ್‌ಎಂ ಎಂಬ ಕಾರ್ಯಾಚರಣ ವ್ಯವಸ್ಥೆಯ ತಳದಲ್ಲಿರುವುದು, ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಮೊದಲು ಪ್ರಕಟಿಸಿದ ಲಿನಕ್ಸ್ ಕರ್ನೆಲ್. ಯಂತ್ರಕ್ಕೂ ತಂತ್ರಾಂಶಗಳಿಗೂ ನಡುವೆ ನಿಂತು ಮೆಮೊರಿ, ಡಿಸ್ಕ್, ನೆಟ್‌ವರ್ಕ್‌ಗಳ ಬಳಕೆಯನ್ನು ನಿಯಂತ್ರಿಸುವ ಭಾಗವೇ ಕರ್ನೆಲ್. ಅದು ಓಡುತ್ತಿರುವಾಗಲೇ ಸೇರಿಸಬಹುದಾದ, ಬೇಡವಾದಾಗ ತೆಗೆಯಬಹುದಾದ ತುಣುಕು ಮಾಡ್ಯೂಲ್.

ಹೊಸ ಮಾಡ್ಯೂಲಿನ ಅಗತ್ಯ ಹೇಗೆ ಹುಟ್ಟುತ್ತದೆ ಎಂಬುದಕ್ಕೆ ವೈರ್‌ಗಾರ್ಡ್ ಒಳ್ಳೆಯ ನಿದರ್ಶನ. ಊರಾಚೆಯಿಂದ ಇಂಟರ್ನೆಟ್ ಮೂಲಕ ನ್ಯಾಸ್ ತಲುಪುವಾಗ ನಡುವಿನವರಾರೂ ಓದಲಾಗದಂತೆ ದತ್ತಾಂಶವನ್ನು ಗೂಢಲಿಪಿಯಲ್ಲಿ ಸಾಗಿಸುವ ವ್ಯವಸ್ಥೆಗೆ ವಿಪಿಎನ್ ಎನ್ನುತ್ತಾರೆ. ಜೇಸನ್ ಡೋನನ್‌ಫೆಲ್ಡ್ ರೂಪಿಸಿದ ವೈರ್‌ಗಾರ್ಡ್ ಈ ಕೆಲಸವನ್ನು ಕರ್ನೆಲ್‌ನೊಳಗೇ ಮಾಡುತ್ತದೆ. ಅದು ಲಿನಕ್ಸ್‌ನ ಭಾಗವಾದದ್ದು 2020ರ ಮಾರ್ಚಿನಲ್ಲಿ ಹೊರಬಂದ 5.6ನೇ ಆವೃತ್ತಿಯಲ್ಲಿ, ಆದರೆ ಸೈನಾಲಜಿಯ ಡಿಎಸ್918 ಪ್ಲಸ್‌ನಂಥ ನ್ಯಾಸ್ ಓಡುವುದು 2016ರ ಜನವರಿಯಲ್ಲಿ ಆರಂಭವಾದ 4.4 ಸರಣಿಯ ಕರ್ನೆಲ್‌ನ ಮೇಲೆ. 3.10ರಿಂದ 5.5ರವರೆಗಿನ ಹಳೆಯ ಕರ್ನೆಲ್‌ಗಳಿಗೆ ಹೊಂದುವಂತೆ ವೈರ್‌ಗಾರ್ಡ್ ಬಳಗವೇ ಪ್ರತ್ಯೇಕ ಕೋಡ್ ಸಿದ್ಧಪಡಿಸಿದೆಯಾದ್ದರಿಂದ, ಅದನ್ನು ಆಯಾ ಸಾಧನಕ್ಕೆ ತಕ್ಕಂತೆ ಕಂಪೈಲ್ ಮಾಡುವುದಷ್ಟೇ, ಅಂದರೆ ಮನುಷ್ಯರು ಓದಬಲ್ಲ ಕೋಡನ್ನು ಪ್ರೊಸೆಸರ್ ಓದಬಲ್ಲ ರೂಪಕ್ಕೆ ತರುವುದಷ್ಟೇ, ಬಾಕಿ.

ಕಷ್ಟವಿರುವುದು ಆ ‘ಅಷ್ಟೇ’ ಎಂಬಲ್ಲಿ. ಡಿಎಸ್‌ಎಂ ಜೊತೆಗೆ ಕಂಪೈಲರ್ ಬರುವುದಿಲ್ಲವಾದ್ದರಿಂದ ಈ ಕೆಲಸ ಬೇರೊಂದು ಕಂಪ್ಯೂಟರಿನಲ್ಲಿ ನಡೆಯಬೇಕು. ಒಂದು ಯಂತ್ರದಲ್ಲಿ ಕುಳಿತು ಮತ್ತೊಂದಕ್ಕಾಗಿ ಹೀಗೆ ಕಂಪೈಲ್ ಮಾಡುವುದಕ್ಕೆ ಕ್ರಾಸ್ ಕಂಪೈಲ್ ಎಂದೂ, ಅದಕ್ಕೆ ಬೇಕಾದ ಕಂಪೈಲರ್ ಮೊದಲಾದ ಸಲಕರಣೆಗಳ ಕಟ್ಟಿಗೆ ಟೂಲ್‌ಚೈನ್ ಎಂದೂ ಹೆಸರು. ಟೂಲ್‌ಚೈನ್ ಸರಿಯಿದ್ದರೂ ಕರ್ನೆಲ್‌ನ ಸಂರಚನೆ, ಅಂದರೆ ಯಾವ ಯಾವ ಸೌಲಭ್ಯಗಳನ್ನು ಸೇರಿಸಿ ಅದನ್ನು ಕಟ್ಟಲಾಗಿದೆ ಎಂಬ ಆಯ್ಕೆಗಳ ಪಟ್ಟಿ, ಚಾಚೂ ತಪ್ಪದೆ ಹೊಂದಬೇಕು. ನೆಟ್‌ವರ್ಕಿನ ಪ್ರತಿ ಪ್ಯಾಕೆಟ್ಟಿನ ವಿವರವನ್ನು ಕರ್ನೆಲ್ ಎಸ್‌ಕೆ-ಬಫ್ ಎಂಬ ದತ್ತಾಂಶ ರಚನೆಯಲ್ಲಿ ಇಟ್ಟುಕೊಳ್ಳುತ್ತದೆ. 4.4 ಸರಣಿಯ ಸಂರಚನೆಯಲ್ಲಿ ಎಕ್ಸ್‌ಎಫ್‌ಆರ್‌ಎಂ ಎಂಬ ಒಂದು ಆಯ್ಕೆ ಇದ್ದರೆ 64 ಬಿಟ್ ಯಂತ್ರದಲ್ಲಿ ಆ ರಚನೆಯ ನಡುವೆ ಮೆಮೊರಿ ವಿಳಾಸವನ್ನು ಹಿಡಿದಿಡುವ 8 ಬೈಟ್‌ಗಳ ಪಾಯಿಂಟರ್ ಒಂದು ಸೇರಿಕೊಂಡು, ಅದರ ಮುಂದಿನ ವಿವರಗಳೆಲ್ಲ ಅಷ್ಟು ದೂರ ಸರಿಯುತ್ತವೆ. ಈ ಆಯ್ಕೆಯಿಲ್ಲದೆ ಕಂಪೈಲಾದ ಮಾಡ್ಯೂಲ್ ತಪ್ಪು ಜಾಗದಲ್ಲಿ ಓದುತ್ತದೆ, ಇನ್ನೂ ಘೋರವೆಂದರೆ ತಪ್ಪು ಜಾಗದಲ್ಲಿ ಬರೆಯುತ್ತದೆ. ಪ್ರತಿ ಮಾಡ್ಯೂಲಿನಲ್ಲೂ ಅಚ್ಚಾಗಿರುವ ‘ವರ್ಮ್ಯಾಜಿಕ್’ ಎಂಬ ಗುರುತಿನ ಸಾಲನ್ನು ಲೋಡ್ ಮಾಡುವಾಗ ಕರ್ನೆಲ್ ತಾಳೆ ನೋಡುತ್ತದೆ ನಿಜ; ಆದರೆ ಆ ಸಾಲಿನಲ್ಲಿರುವುದು ಆವೃತ್ತಿ ಮತ್ತು ಕೆಲವೇ ಮುಖ್ಯ ಆಯ್ಕೆಗಳಾದ್ದರಿಂದ, ಇಂಥ ಸೂಕ್ಷ್ಮ ವ್ಯತ್ಯಾಸ ಅದರ ಕಣ್ಣು ತಪ್ಪಿಸಿಕೊಳ್ಳಬಲ್ಲದು.

ಸೋರ್ಸ್ ಕೋಡಿನ ಹಕ್ಕು ಕೇವಲ ತಾತ್ವಿಕವೋ ನಿಜವಾಗಿ ಕೈಗೆಟಕುವಂಥದ್ದೋ ಎಂಬುದು ತೀರ್ಮಾನವಾಗುವುದು ಇಲ್ಲಿಯೇ. 1992ರಿಂದ ಲಿನಕ್ಸ್‌ಗೆ ಅನ್ವಯಿಸುತ್ತಿರುವ ಜಿಪಿಎಲ್ ಪರವಾನಗಿಯ ಎರಡನೇ ಆವೃತ್ತಿಯು, ಸಾಧನ ಮಾರುವವರು ಕೋಡಿನ ಜೊತೆಗೆ ಕಂಪೈಲ್ ಮಾಡಲು ಮತ್ತು ಸ್ಥಾಪಿಸಲು ಬಳಸುವ ಸ್ಕ್ರಿಪ್ಟ್‌ಗಳನ್ನೂ ಕೊಡಬೇಕೆಂದು ವಿಧಿಸುತ್ತದೆ. ಸಂರಚನೆಯಿಲ್ಲದ ಕೋಡ್ ಅರ್ಧ ಕೊಟ್ಟಂತೆಯೇ. ಸೈನಾಲಜಿ ತನ್ನ ಕರ್ನೆಲ್ ಕೋಡನ್ನೂ, ‘ಅಪೋಲೋಲೇಕ್’ನಂತೆ ಪ್ರೊಸೆಸರ್ ಬಗೆಯ ಹೆಸರಿನಲ್ಲಿ ವಿಂಗಡಿಸಿದ ಸಂರಚನೆಗಳನ್ನೂ, ಟೂಲ್‌ಚೈನ್‌ಗಳನ್ನೂ ಸಾರ್ವಜನಿಕವಾಗಿ ಒದಗಿಸಿರುವುದು ಮೆಚ್ಚತಕ್ಕ ಸಂಗತಿ. ಎಲ್ಲರೂ ಇದನ್ನು ತಾವಾಗಿಯೇ ಪಾಲಿಸಿದ್ದಿಲ್ಲ: ಲಿಂಕ್ಸಿಸ್ ಸಾಧನಗಳ ಕೋಡಿನ ವಿಷಯದಲ್ಲಿ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ 2008ರಲ್ಲಿ ಅವನ್ನು ಮಾರುತ್ತಿದ್ದ ಸಿಸ್ಕೋ ಕಂಪನಿಯ ವಿರುದ್ಧ ಮೊಕದ್ದಮೆ ಹೂಡಬೇಕಾಯಿತು, ಅದು ಮರುವರ್ಷ ರಾಜಿಯಲ್ಲಿ ಮುಗಿಯಿತು.

ಸಿದ್ಧವಾದ ಮಾಡ್ಯೂಲನ್ನು ನ್ಯಾಸ್‌ಗೆ ನಕಲಿಸಿ ‘ಇನ್ಸ್‌ಮಾಡ್’ ಆಜ್ಞೆಯಿಂದ ಲೋಡ್ ಮಾಡುವುದು ಕ್ಷಣದ ಕೆಲಸ. ಆದರೆ ಮಾಡ್ಯೂಲಿಗೆ ಕರ್ನೆಲ್‌ನಷ್ಟೇ ಅಧಿಕಾರವಿರುವುದರಿಂದ ಅದರ ಒಂದು ತಪ್ಪು ಇಡೀ ಯಂತ್ರವನ್ನೇ ನಿಲ್ಲಿಸಬಲ್ಲದು, ಡಿಸ್ಕಿಗೆ ಬರೆಯುತ್ತಿರುವ ದತ್ತಾಂಶವನ್ನು ಕೆಡಿಸಬಲ್ಲದು. ಬೇರೆಡೆ ಪ್ರತಿಯಿಲ್ಲದ ಕಡತಗಳಿರುವ ನ್ಯಾಸ್‌ನಲ್ಲಿ ಈ ಪ್ರಯೋಗ ಸಲ್ಲದು.

ಒಮ್ಮೆ ಮಾಡಿದರೆ ಮುಗಿಯುವ ಕೆಲಸವೂ ಇದಲ್ಲ. ಡಿಎಸ್918 ಪ್ಲಸ್‌ನ ಕರ್ನೆಲ್ ಡಿಎಸ್‌ಎಂ 6.2ರಲ್ಲಿ 4.4.59 ಇದ್ದದ್ದು 7.0ರಲ್ಲಿ 4.4.180 ಆಗಿ, 7.2ರಲ್ಲಿ 4.4.302 ಆಗಿದ್ದು, ಪ್ರತಿ ಸಲವೂ ಹಳೆಯ ಮಾಡ್ಯೂಲ್ ಬಿಟ್ಟು ಹೊಸದನ್ನು ಕಟ್ಟಬೇಕಾಗುತ್ತದೆ. 2022ರ ಫೆಬ್ರುವರಿಯಲ್ಲಿ ಬಂದ 4.4.302 ಆ ಸರಣಿಯ ಕೊನೆಯ ಅಧಿಕೃತ ಬಿಡುಗಡೆಯಾದ ಕಾರಣ, ಆಮೇಲಿನ ತಿದ್ದುಪಡಿಗಳನ್ನು ಹೊಸ ಕರ್ನೆಲ್‌ಗಳಿಂದ ಆರಿಸಿ ತರುವ ಹೊಣೆ ತಯಾರಕರದೇ. ಹಾಗೆ ತಂದಾಗ ಕರ್ನೆಲ್‌ನ ಒಳಭಾಗ ಬದಲಾದರೂ ಆವೃತ್ತಿ ಸಂಖ್ಯೆ ಬದಲಾಗುವುದಿಲ್ಲ. ಸಂಖ್ಯೆಯನ್ನು ನೋಡಿ ಇಲ್ಲದ ಫಂಕ್ಷನ್‌ಗಳನ್ನು ತಾನೇ ಒದಗಿಸುವ ವೈರ್‌ಗಾರ್ಡ್‌ನ ಹೊಂದಾಣಿಕೆ ಕೋಡ್, ಆಗಲೇ ಅಲ್ಲಿರುವ ಫಂಕ್ಷನ್ನನ್ನು ಮತ್ತೊಮ್ಮೆ ವ್ಯಾಖ್ಯಾನಿಸಲು ಹೋದರೆ ಕಂಪೈಲರ್ ಅಲ್ಲಿಯೇ ನಿಂತುಬಿಡುತ್ತದೆ, ಮತ್ತು ಕಂಪೈಲ್ ಮಾಡುವವರು ಎರಡೂ ಕೋಡ್‌ಗಳನ್ನು ಎದುರಿಗಿಟ್ಟುಕೊಂಡು ಯಾವುದು ಮೊದಲೇ ಇದೆ ಎಂದು ಓದಿ ತಿಳಿದು, ಹೆಚ್ಚಾದದ್ದನ್ನು ಕೈಯಾರೆ ತೆಗೆಯಬೇಕಾಗುತ್ತದೆ.