80 ವರ್ಷದ ವಿಮಾನಕ್ಕೆ ಹೊಸ ಪಾರ್ಟ್: ಎಲ್ಲಿವರೆಗೆ ಹಾಕಬಹುದು, ಎಲ್ಲಿ ನಿಲ್ಲಿಸಬೇಕು?

ಇವತ್ತಿನ ಎಪಿಸೋಡ್ ಒಂದು ಪ್ರಶ್ನೆಯಿಂದ ಶುರು ಮಾಡೋಣ. ನಿಮ್ಮ ಕೈಗೆ ಒಂದು ಹಳೇ ಪುಟ್ಟ ವಿಮಾನ ಸಿಕ್ಕಿದೆ ಅಂದ್ಕೊಳ್ಳಿ. ವಯಸ್ಸು 80ರ ಹತ್ರ. ಬಟ್ಟೆ ಹರಿದಿದೆ, ಪೈಪಿಗೆ ತುಕ್ಕು ಹಿಡಿದಿದೆ, ಆದ್ರೆ ರಿಪೇರಿ ಮಾಡಿದ್ರೆ ಹಾರುತ್ತೆ. ಅದನ್ನ ಫ್ಯಾಕ್ಟರಿಯಿಂದ ಹೊರಗೆ ಬಂದ ದಿನ ಹೇಗಿತ್ತೋ ಹಾಗೇ ಮಾಡ್ತೀರಾ? ಅಥವಾ ಇವತ್ತಿನ ಬ್ರೇಕು, ಸ್ಟಾರ್ಟರು, ರೇಡಿಯೋ ಎಲ್ಲ ಹಾಕಿ ಆರಾಮಾಗಿ ಹಾರಿಸ್ತೀರಾ?

ಹಳೇ ಯೆಜ್ಡಿ, ಜಾವಾ ಇಟ್ಕೊಂಡಿರೋರಿಗೆ ಈ ಜಗಳ ಗೊತ್ತು. ಪಾಯಿಂಟ್ ಸೆಟ್ ಹಾಗೇ ಇರ್ಲಿ ಅಂತ ಒಬ್ಬ, ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕ್ಸು ಮಾರಾಯ ಅಂತ ಇನ್ನೊಬ್ಬ. ಆದ್ರೆ ಬೈಕ್ ಕೈಕೊಟ್ರೆ ತಳ್ಳಿಕೊಂಡು ಹೋಗಿ ಮರದ ಕೆಳಗೆ ನಿಲ್ಲಿಸಬಹುದು. ಆಕಾಶದಲ್ಲಿ ಮರದ ನೆರಳು ಇಲ್ಲ. ಹಾಗಾಗಿ ವಿಮಾನದ ವಿಷಯದಲ್ಲಿ ಇದು ಬರೀ ಶೋಕಿಯ ಪ್ರಶ್ನೆ ಅಲ್ಲ, ಜೀವದ ಪ್ರಶ್ನೆನೂ ಹೌದು.

ಮಾತು ಗಾಳಿಯಲ್ಲಿ ತೇಲಬಾರದು ಅಂತ ಒಂದೇ ಒಂದು ವಿಮಾನ ತಗೊಳ್ಳೋಣ: ಅಮೆರಿಕದ ಪೈಪರ್ ಜೆ-3 ಕಬ್. ಪೆನ್ಸಿಲ್ವೇನಿಯಾ ರಾಜ್ಯದ ಲಾಕ್ ಹೇವನ್ ಅನ್ನೋ ಊರಲ್ಲಿ ತಯಾರಾಗ್ತಿತ್ತು. ಹಳದಿ ಬಣ್ಣ, ಪಕ್ಕದಲ್ಲಿ ಕಪ್ಪು ಮಿಂಚಿನ ಗೆರೆ. 1947ರವರೆಗೆ ಹೆಚ್ಚುಕಮ್ಮಿ 20,000 ಕಬ್‌ಗಳು ಹೊರಬಂದವು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸಾವಿರಾರು ಹುಡುಗರು ಹಾರೋದು ಕಲಿತಿದ್ದು ಇದರಲ್ಲೇ. ಸ್ಟೀಲ್ ಪೈಪಿನ ಚೌಕಟ್ಟು, ಮೇಲೆ ಬಟ್ಟೆ, ಮುಂದೆ 65 ಹಾರ್ಸ್‌ಪವರ್‌ನ ಕಾಂಟಿನೆಂಟಲ್ ಎಂಜಿನ್. ಬ್ಯಾಟರಿ ಇಲ್ಲ, ಸ್ಟಾರ್ಟರ್ ಇಲ್ಲ, ಲೈಟ್ ಇಲ್ಲ. ಪೆಟ್ರೋಲ್ ಎಷ್ಟಿದೆ ಅಂತ ತಿಳಿಯೋಕೆ ಟ್ಯಾಂಕಿನೊಳಗೆ ಒಂದು ಬೆಂಡಿನ ತುಂಡು ತೇಲುತ್ತೆ, ಅದಕ್ಕೆ ಸಿಕ್ಕಿಸಿದ ತಂತಿ ಮುಚ್ಚಳದಿಂದ ಹೊರಗೆ ಚಾಚಿರುತ್ತೆ. ತಂತಿ ಕೆಳಗಿಳಿದಷ್ಟೂ ಪೆಟ್ರೋಲ್ ಕಡಿಮೆ. ಅಷ್ಟೇ ಮೀಟರು.

ಈಗ ಒಂದೊಂದೇ ಪಾರ್ಟ್ ನೋಡೋಣ.

ಮೊದಲು ಬಟ್ಟೆ. ಮೂಲದಲ್ಲಿ ಇದ್ದಿದ್ದು ಹತ್ತಿ ಬಟ್ಟೆ. ಅದರ ಮೇಲೆ ಡೋಪ್ ಅನ್ನೋ ಅಂಟುದ್ರವ ಬಳೀತಿದ್ರು, ಅದು ಒಣಗ್ತಾ ಬಟ್ಟೆಯನ್ನ ತಮಟೆ ಚರ್ಮದ ಹಾಗೆ ಬಿಗಿ ಮಾಡ್ತಿತ್ತು. ತೊಂದರೆ ಎರಡು. ಬಿಸಿಲಲ್ಲಿ ನಿಲ್ಲಿಸಿದ್ರೆ ಹತ್ತಿ ಕೆಲವೇ ವರ್ಷಕ್ಕೆ ಶಕ್ತಿ ಕಳ್ಕೊಳ್ಳುತ್ತೆ. ಇನ್ನು ನೈಟ್ರೇಟ್ ಡೋಪ್‌ಗೆ ಕಿಡಿ ತಾಗಿದ್ರೆ ಭಗ್ಗಂತ ಹತ್ತಿಕೊಳ್ಳುತ್ತೆ. ಇವತ್ತು ಬಹುತೇಕ ಎಲ್ಲರೂ ಪಾಲಿಯೆಸ್ಟರ್ ಬಟ್ಟೆ ಹಾಕ್ತಾರೆ. ಅದನ್ನ ಬಿಗಿ ಮಾಡೋದು ಯಾವುದರಿಂದ ಗೊತ್ತಾ? ಇಸ್ತ್ರಿ ಪೆಟ್ಟಿಗೆಯಿಂದ! ಉಷ್ಣತೆ ಸರಿಯಾಗಿ ಅಳೆದು, ಮೊದಲು ಸುಮಾರು 120 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಕೊನೆಗೆ ಸುಮಾರು 175 ಡಿಗ್ರಿಯಲ್ಲಿ ಎಳೀತಾರೆ. ಶೆಡ್ಡಿನೊಳಗೆ ಇಟ್ಟು ನೋಡಿಕೊಂಡ್ರೆ ದಶಕಗಳ ಕಾಲ ಬಾಳುತ್ತೆ. ಬಣ್ಣ ಚೆನ್ನಾಗಿ ಹಚ್ಚಿದ್ರೆ ನೋಡೋರಿಗೆ ವ್ಯತ್ಯಾಸ ಗೊತ್ತಾಗೋದೂ ಕಷ್ಟ. ಇಲ್ಲಿ ಜಗಳಕ್ಕೆ ಜಾಗವೇ ಕಮ್ಮಿ. ವಿಮಾನದ ರೂಪ ಹಾಗೇ ಉಳೀತು, ಬಾಳಿಕೆ ಹೆಚ್ಚಾಯ್ತು.

ಎರಡನೇದು ರೆಕ್ಕೆಗೆ ಆಸರೆ ಕೊಡೋ ಕಂಬಗಳು, ಅಂದ್ರೆ ಸ್ಟ್ರಟ್. ಒಳಗೆ ಪೊಳ್ಳಾಗಿರೋ ಸ್ಟೀಲ್ ಕೊಳವೆ ಅದು. ನೀರು ಒಳಗೆ ಸೇರಿ ಕೆಳತುದಿಯಲ್ಲಿ ನಿಲ್ಲುತ್ತೆ, ತುಕ್ಕು ಒಳಗಿನಿಂದಲೇ ತಿನ್ನುತ್ತೆ. ಹೊರಗಿಂದ ನೋಡಿದ್ರೆ ಬಣ್ಣ ಫಳಫಳ ಹೊಳೀತಿರುತ್ತೆ. ಹಾರುವಾಗ ಅದು ಮುರಿದ್ರೆ ರೆಕ್ಕೆ ಮಡಚಿಕೊಳ್ಳುತ್ತೆ. ಅದಕ್ಕೇ ಅಮೆರಿಕದ ವಿಮಾನಯಾನ ಸಂಸ್ಥೆ ಎಫ್‌ಎಎ ಕಡ್ಡಾಯ ಆದೇಶ ಹೊರಡಿಸಿದೆ: ಹಳೇ ನಮೂನೆಯ ಸ್ಟ್ರಟ್ ಇಟ್ಕೊಂಡ್ರೆ 24 ತಿಂಗಳಿಗೊಮ್ಮೆ ತಪಾಸಣೆ ಆಗ್ಬೇಕು. ಗಾಳಿ, ನೀರು ಹೋಗದ ಹಾಗೆ ಮುಚ್ಚಿದ ಹೊಸ ಸ್ಟ್ರಟ್ ಹಾಕಿದ್ರೆ ಆ ಮರುಮರು ತಪಾಸಣೆಯಿಂದ ಬಿಡುಗಡೆ. "ಒರಿಜಿನಲ್ ಸ್ಟ್ರಟ್ ಸಾರ್, 1946ರದ್ದು" ಅಂತ ಯಾರಾದ್ರೂ ಹೆಮ್ಮೆಯಿಂದ ಹೇಳಿದ್ರೆ ನಾನಂತೂ ಮೊದಲು ತಪಾಸಣೆಯ ಪುಸ್ತಕ ಕೇಳ್ತೀನಿ.

ಮೂರನೇದು ಬೆಲ್ಟ್. ಆಗಿನ ಕಾಲದಲ್ಲಿ ಸೊಂಟಕ್ಕೆ ಮಾತ್ರ ಪಟ್ಟಿ. ನೆಲಕ್ಕೆ ಬಡಿದ್ರೆ ದೇಹದ ಮೇಲ್ಭಾಗ ಮುಂದಕ್ಕೆ ಹೋಗಿ ತಲೆ ಕಬ್ಬಿಣಕ್ಕೆ ಹೊಡೆಯುತ್ತೆ. ಭುಜದ ಪಟ್ಟಿ ಹಾಕಿಸಿದ್ರೆ ಬದುಕುಳಿಯೋ ಅವಕಾಶ ಜಾಸ್ತಿ. ತೂಕ ಅತ್ಯಲ್ಪ, ಬೇಡ ಅಂದ್ರೆ ಬಿಚ್ಚಬಹುದು. ಇದಕ್ಕೂ ನನ್ನ ವೋಟು ಹೊಸದಕ್ಕೇ.

ಇಲ್ಲಿವರೆಗೆ ಎಲ್ಲ ಸಲೀಸು. ನಿಜವಾದ ಕಷ್ಟ ಈಗ ಬರುತ್ತೆ: ಸ್ಟಾರ್ಟರ್.

ಕಬ್ ಸ್ಟಾರ್ಟ್ ಮಾಡೋಕೆ ಒಬ್ರು ಹೊರಗೆ ನಿಂತು ಪ್ರೊಪೆಲ್ಲರನ್ನ ಕೈಯಲ್ಲಿ ತಿರುಗಿಸಬೇಕು. ಮ್ಯಾಗ್ನೆಟೋ ತಾನೇ ಕಿಡಿ ಹುಟ್ಟಿಸುತ್ತೆ, ಬ್ಯಾಟರಿ ಬೇಕಾಗಲ್ಲ. ನೋಡೋಕೆ ಚೆಂದ. ಆದ್ರೆ ಕೈ ತೆಗೆಯೋದು ಸ್ವಲ್ಪ ತಡವಾದ್ರೂ, ಕಾಲು ಜಾರಿದ್ರೂ ಮುಗೀತು. ಸೀಟಲ್ಲಿ ಯಾರೂ ಇಲ್ಲದೆ, ಚಕ್ರಕ್ಕೆ ಅಡ್ಡ ಇಡದೆ ಸ್ಟಾರ್ಟ್ ಮಾಡಿದ್ರೆ ವಿಮಾನ ತಾನೇ ಓಡಿಹೋಗೋ ಅಪಾಯನೂ ಇದೆ. ಹಾಗಾದ್ರೆ ಸ್ಟಾರ್ಟರ್ ಹಾಕಿಸೋದೇ ಬುದ್ಧಿವಂತಿಕೆ ಅಲ್ವಾ?

ನಾನು ಓದಿದ್ದು ಬಿಕಾಂ. ಹಾಗಾಗಿ ಲೆಕ್ಕ ಹಾಕೇ ಬಿಡೋಣ, ದುಡ್ಡಿನದಲ್ಲ, ತೂಕದ್ದು. ಕಬ್‌ನ ಗರಿಷ್ಠ ತೂಕ ಸುಮಾರು 553 ಕೆಜಿ. ಖಾಲಿ ತೂಕ ಸುಮಾರು 347 ಕೆಜಿ. ಉಳಿದಿದ್ದು 206. ಟ್ಯಾಂಕ್ ತುಂಬಿಸಿದ್ರೆ 45 ಲೀಟರ್, ಅಂದ್ರೆ ಸುಮಾರು 33 ಕೆಜಿ. ಈಗ ಉಳಿದಿದ್ದು 173. ತಲಾ 80 ಕೆಜಿಯ ಇಬ್ರು ಕೂತ್ರೆ 160. ಬ್ಯಾಲೆನ್ಸ್ ಬರೀ 13 ಕೆಜಿ! ಸ್ಟಾರ್ಟರ್, ಜನರೇಟರ್, ಬ್ಯಾಟರಿ, ವೈರು ಎಲ್ಲ ಸೇರಿ 20 ಕೆಜಿ ಅಂತಿಟ್ಕೊಳ್ಳಿ, ಖಾತೆ ಮೈನಸ್ ಆಯ್ತು. ಒಂದೋ ಪೆಟ್ರೋಲ್ ಕಮ್ಮಿ ಹಾಕ್ಬೇಕು, ಇಲ್ಲ ಸಣ್ಣಗಿರೋ ಫ್ರೆಂಡನ್ನ ಹುಡುಕಬೇಕು.

ಅಷ್ಟೇ ಅಲ್ಲ. ಕಬ್‌ನ ಎ-65-8 ಎಂಜಿನ್ನಿಗೆ ಸ್ಟಾರ್ಟರ್ ಕೂರಿಸೋ ಜಾಗವೇ ಇಲ್ಲ. ಬೇಕು ಅಂದ್ರೆ ಸಿ-85-12 ಥರದ ಬೇರೆ ಎಂಜಿನ್ನೇ ತರಬೇಕು. ಅದಕ್ಕೆ ಅನುಮೋದಿತ ವಿನ್ಯಾಸ ಬೇಕು, ಲೈಸೆನ್ಸ್ ಇರೋ ಮೆಕ್ಯಾನಿಕ್‌ನ ಸಹಿ ಬೇಕು, ಎಫ್‌ಎಎಗೆ ಫಾರಂ 337 ಹೋಗ್ಬೇಕು. ತೂಕ ಯಾವ ಜಾಗಕ್ಕೆ ಬಿತ್ತು ಅಂತ ಸಮತೋಲನದ ಲೆಕ್ಕ ಹೊಸದಾಗಿ ಬರೀಬೇಕು. ಕಬ್‌ನಲ್ಲಿ ಒಬ್ಬರೇ ಹಾರೋವಾಗ ಹಿಂದಿನ ಸೀಟಲ್ಲೇ ಕೂರಬೇಕು ಅನ್ನೋದು ಗೊತ್ತಾದ್ರೆ, ಆ ಸಮತೋಲನ ಎಷ್ಟು ಸೂಕ್ಷ್ಮ ಅಂತ ಅರ್ಥ ಆಗುತ್ತೆ.

ಒಂದು ಪಾರ್ಟ್ ಹೇಗೆ ಇನ್ನೊಂದನ್ನ ಎಳ್ಕೊಂಡು ಬರುತ್ತೆ ನೋಡಿ. ರೇಡಿಯೋ ಕಥೆನೂ ಹೀಗೇ. ಕೈಯಲ್ಲಿ ಹಿಡಿಯೋ ಬ್ಯಾಟರಿ ರೇಡಿಯೋ ತಂದ್ರೆ ವಿಮಾನಕ್ಕೆ ಒಂದು ತೂತೂ ಕೊರೀಬೇಕಿಲ್ಲ. ಆದ್ರೆ ಕವಚ ಇಲ್ಲದ ಹಳೇ ಇಗ್ನಿಷನ್ ವೈರಿನಿಂದ ಕಿವಿಗೆ ಬರೀ ಕರಕರ ಸದ್ದು. ಮಾತು ಕೇಳ್ಬೇಕು ಅಂದ್ರೆ ವೈರು ಬದಲಾಯಿಸಬೇಕು.

ಬ್ರೇಕ್‌ನಲ್ಲಂತೂ ಹೊಸದೇ ಒಳ್ಳೇದು ಅನ್ನೋ ನಂಬಿಕೆಯೇ ಅಲುಗಾಡುತ್ತೆ. ಕಬ್ ಬಾಲದ ಚಕ್ರದ ಮೇಲೆ ಕೂರೋ ವಿಮಾನ. ಹಳೇ ಡ್ರಮ್ ಬ್ರೇಕ್ ಅಷ್ಟಕ್ಕಷ್ಟೇ. ಅಂತ ಜೋರಾದ ಡಿಸ್ಕ್ ಬ್ರೇಕ್ ಹಾಕಿಸಿ, ಗಾಬರಿಯಲ್ಲಿ ಒತ್ತಿದ್ರೆ ಬಾಲ ಮೇಲೆದ್ದು ಮೂಗು ನೆಲಕ್ಕೆ ಬಡಿಯಬಹುದು. ಹುಲ್ಲಿನ ರನ್‌ವೇಯಲ್ಲಿ ನಿಧಾನಕ್ಕೆ ಇಳಿಯೋ ವಿಮಾನಕ್ಕೆ ಅಷ್ಟು ಬ್ರೇಕ್ ಬೇಕಾ ಅಂತ ಕೇಳ್ಕೊಳ್ಳಲೇಬೇಕು.

ಇನ್ನೊಂದು ತಮಾಷೆ ಇದೆ. ಫ್ಲೈಟ್ ಟ್ರ್ಯಾಕ್ ಮಾಡೋ ಆಪ್ ನಿಮ್ಮ ಫೋನಲ್ಲಿ ಇರಬಹುದು. ವಿಮಾನಗಳು ತಾವೆಲ್ಲಿದ್ದೀವಿ ಅಂತ ತಾವೇ ಸಾರುತ್ತಿರೋ ಎಡಿಎಸ್-ಬಿ ಸಿಗ್ನಲ್‌ನಿಂದಲೇ ಆ ಆಪ್ ಹೆಚ್ಚಾಗಿ ನಡೆಯೋದು. 2020ರ ಜನವರಿ 1ರಿಂದ ಅಮೆರಿಕದ ಬಹಳಷ್ಟು ಗಿಜಿಗುಡುವ ವಾಯುಪ್ರದೇಶಗಳಲ್ಲಿ ಅದು ಕಡ್ಡಾಯ. ಆದ್ರೆ ಮೂಲದಲ್ಲಿ ಕರೆಂಟ್ ವ್ಯವಸ್ಥೆಯೇ ಇಲ್ಲದ, ಆಮೇಲೂ ಹಾಕಿಸಿಕೊಳ್ಳದ ವಿಮಾನಗಳಿಗೆ ಕೆಲವು ಕಡೆ ವಿನಾಯಿತಿ ಇದೆ. ಅಂದ್ರೆ ಜನರೇಟರ್ ಹಾಕಿಸಿದ ಕೂಡಲೇ ಆ ವಿನಾಯಿತಿ ಕೈತಪ್ಪಬಹುದು. ಇಲ್ಲಿ ಹಳೇದಾಗೇ ಇರೋದು ಬರೀ ಭಾವನೆ ಅಲ್ಲ, ಉಳಿತಾಯ!

ಹಾಗಾದ್ರೆ ಹೊಸ ಪಾರ್ಟ್ ಹಾಕಿದ್ರೆ ಹಳೇ ವಿಮಾನದ ಬೆಲೆ, ಗೌರವ ಕಮ್ಮಿ ಆಗುತ್ತಾ? ವಿಸ್ಕಾನ್ಸಿನ್‌ನ ಆಶ್‌ಕಾಶ್‌ನಲ್ಲಿ ಪ್ರತಿವರ್ಷ ದೊಡ್ಡ ವಿಮಾನ ಜಾತ್ರೆ ನಡೆಯುತ್ತೆ. ಅಲ್ಲಿ ಹಳೇ ವಿಮಾನಗಳಿಗೆ ಸ್ಪರ್ಧೆ. 1945ರ ಆಗಸ್ಟ್ 31ರವರೆಗಿನದ್ದು ಆಂಟಿಕ್, ಆಮೇಲಿಂದ 1955ರವರೆಗಿನದ್ದು ಕ್ಲಾಸಿಕ್. ಹಾಗಾಗಿ ಒಂದೇ ಥರದ ಎರಡು ಕಬ್‌ಗಳು ಎರಡು ಬೇರೆ ಗುಂಪಿಗೆ ಬೀಳಬಹುದು. ತೀರ್ಪುಗಾರರು ಫ್ಯಾಕ್ಟರಿ ರೂಪಕ್ಕೆ ಎಷ್ಟು ಹತ್ತಿರ ಇದೆ ಅಂತ ನೋಡ್ತಾರೆ. ಬಹುಮಾನ ಬೇಕು ಅನ್ನೋರಿಗೆ ದಾರಿ ಒಂದು, ಪ್ರತಿ ಭಾನುವಾರ ಮಗಳನ್ನ ಕೂರಿಸ್ಕೊಂಡು ಹಾರಬೇಕು ಅನ್ನೋರಿಗೆ ದಾರಿ ಇನ್ನೊಂದು. ಎರಡೂ ತಪ್ಪಲ್ಲ. ತಪ್ಪಾಗೋದು ಯಾವುದಕ್ಕೆ ಅಂತ ನಿರ್ಧರಿಸದೆ ಕೆಲಸ ಶುರು ಮಾಡಿದಾಗ.

ಇದು ನಮಗೆ ದೂರದ ಕಥೆ ಅನ್ಸಿದ್ರೆ, ಬೆಂಗಳೂರಿಗೆ ಬನ್ನಿ. ಕಬ್‌ನ ಕಾಲದಲ್ಲೇ ಏರೋಂಕಾ ಚೀಫ್ ಅನ್ನೋ ಇನ್ನೊಂದು ಅಮೆರಿಕನ್ ಪುಟ್ಟ ವಿಮಾನ ಇತ್ತು, ಅದೂ ಪೈಪು-ಬಟ್ಟೆಯದ್ದೇ, 65 ಹಾರ್ಸ್‌ಪವರ್‌ನದ್ದೇ. ಅದರ ಮಾದರಿ ಇಟ್ಕೊಂಡು ನಮ್ಮ ಎಚ್‌ಎಎಲ್, ಆಗ ಅದರ ಹೆಸರು ಹಿಂದೂಸ್ತಾನ್ ಏರ್‌ಕ್ರಾಫ್ಟ್, ಪುಷ್ಪಕ್ ಅನ್ನೋ ತರಬೇತಿ ವಿಮಾನ ಮಾಡ್ತು. ಮೊದಲ ಹಾರಾಟ 1958ರ ಸೆಪ್ಟೆಂಬರ್ 28. ಸುಮಾರು 160 ತಯಾರಾದವು, ದೇಶದ ಫ್ಲೈಯಿಂಗ್ ಕ್ಲಬ್‌ಗಳಿಗೆ ಹೋದವು. ಎಂಜಿನ್ 90 ಹಾರ್ಸ್‌ಪವರ್‌ನ ಸಿ-90-8ಎಫ್. ಹೆಸರಲ್ಲಿರೋ ಆ 8 ಗಮನಿಸಿ, ಇದಕ್ಕೂ ಸ್ಟಾರ್ಟರ್ ಇಲ್ಲ. ಶಕ್ತಿ ಹೆಚ್ಚಿಸಿದ್ರು, ಸರಳತೆ ಬಿಡ್ಲಿಲ್ಲ. ಇವತ್ತು ಯಾರಾದ್ರೂ ಒಂದು ಪುಷ್ಪಕ್ ರಿಪೇರಿಗೆ ಕೂತ್ರೆ ಇದೇ ಪ್ರಶ್ನೆಗಳು ಎದುರಾಗುತ್ತವೆ. ಕಬ್‌ಗೆ ಪಾರ್ಟ್ ಮಾಡೋ ಕಂಪನಿಗಳಿವೆ. 160ರಲ್ಲಿ ಒಂದಾದ ವಿಮಾನದ ಮೂಲ ಪಾರ್ಟ್ ಬಿಸಾಡಿದ್ರೆ ಮತ್ತೆ ಎಲ್ಲಿ ತರೋದು?

ಇಷ್ಟೆಲ್ಲ ನೋಡಿದ ಮೇಲೆ ನಾನು ಮೂರು ಪ್ರಶ್ನೆಗೆ ಬಂದು ನಿಲ್ತೀನಿ. ಈ ಬದಲಾವಣೆ ಇಲ್ಲದಿದ್ರೆ ಜೀವಕ್ಕೆ ಅಪಾಯ ಇದೆಯಾ? ಇದ್ರೆ ಚರ್ಚೆ ಬೇಡ, ಬದಲಾಯಿಸಿ. ಇದನ್ನ ನಾಳೆ ಬಿಚ್ಚಿ ಹಳೇದನ್ನ ಕೂರಿಸೋಕೆ ಆಗುತ್ತಾ? ಆದ್ರೆ ಧೈರ್ಯವಾಗಿ ಹಾಕಿ, ಹಳೇ ಪಾರ್ಟ್‌ಗೆ ಚೀಟಿ ಅಂಟಿಸಿ ಪೆಟ್ಟಿಗೆಯಲ್ಲಿ ಜೋಪಾನ ಮಾಡಿ. ಬರೀ ಅನುಕೂಲಕ್ಕೆ ಅಂತಾದ್ರೆ, ಅದು ತರೋ ತೂಕ, ಖರ್ಚು, ಕಾಗದ ಎಲ್ಲ ಸೇರಿಸಿದ ಮೇಲೂ ಅನುಕೂಲವೇನಾ?

ಸ್ಟಾರ್ಟರ್ ಬಗ್ಗೆ ನನ್ನ ಉತ್ತರ ಕೇಳ್ತೀರಾ? ಕಬ್ ನಂದಾಗಿದ್ರೆ ಹಾಕಿಸ್ತಿರಲಿಲ್ಲ. ಚಕ್ರಕ್ಕೆ ಅಡ್ಡ ಇಟ್ಟು, ಬಾಲಕ್ಕೆ ಹಗ್ಗ ಕಟ್ಟಿ, ಕಲಿತವರ ಹತ್ರ ಕೈಯಲ್ಲಿ ತಿರುಗಿಸೋದು ಕಲೀತಿದ್ದೆ, ಒಳಗೆ ಬ್ರೇಕ್ ಒತ್ತಿ ಕೂರೋಕೆ ತಿಳಿದೋರು ಒಬ್ರು ಸಿಗೋವರೆಗೆ ಕಾಯ್ತಿದ್ದೆ. ಆದ್ರೆ ಭುಜ ನೋವಿರೋ 65 ವರ್ಷದವರೊಬ್ರು ಸ್ಟಾರ್ಟರ್ ಹಾಕಿಸಿ, ಒಬ್ರೇ ಹಾರ್ತೀನಿ ಅಂದ್ರೆ ಅವರನ್ನ ತಪ್ಪು ಅನ್ನಲ್ಲ. ಶೆಡ್ಡಲ್ಲಿ ಧೂಳು ತಿನ್ನೋ ಪಕ್ಕಾ ಒರಿಜಿನಲ್ ಕಬ್‌ಗಿಂತ ಅವರ ಕಬ್ ಹಾರ್ತಿರುತ್ತೆ.

ನೀವಾಗಿದ್ರೆ ಏನು ಮಾಡ್ತಿದ್ರಿ, ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ.